ಚಲನಚಿತ್ರ ಸಂಕಲನ: ಕತ್ತರಿಸುವ ಕ್ಷಣದ ವಿವೇಚನೆ

ಚಲನಚಿತ್ರವನ್ನು ಕುರಿತ ನಮ್ಮ ವಿಮರ್ಶೆಯಲ್ಲಿ ಕಥೆ, ಅಭಿನಯ, ಛಾಯಾಗ್ರಹಣ ಹಾಗೂ ಸಂಗೀತಗಳಿಗೆ ದೊರೆತಷ್ಟು ಗಮನ ಸಂಕಲನಕ್ಕೆ ದೊರೆತಿಲ್ಲ. ಸಂಕಲನವೆಂದರೆ ಬೇಡದ ಭಾಗಗಳನ್ನು ತೆಗೆದುಹಾಕುವ ಕೆಲಸವೆಂಬ ತಿಳಿವಳಿಕೆಯೇ ಬಹುಮಟ್ಟಿಗೆ ಇದಕ್ಕೆ ಕಾರಣವಿರಬೇಕು. ಬೇಡದ್ದನ್ನು ತೆಗೆಯುವುದು ಅದರ ಮೊದಲ ಹಂತ ಮಾತ್ರ. ಒಂದು ಶಾಟ್ ಯಾವ ಫ್ರೇಮಿನಲ್ಲಿ ಮುಗಿಯಬೇಕು, ಅದರ ಬೆನ್ನಿಗೆ ಏನು ಬರಬೇಕು ಎಂಬ ತೀರ್ಮಾನವೇ ಈ ಕಲೆಯ ತಿರುಳು. ಸೆಕೆಂಡಿಗೆ 24 ಫ್ರೇಮುಗಳು ಓಡುವ ಮಾಧ್ಯಮದಲ್ಲಿ ಆರು ಫ್ರೇಮುಗಳೆಂದರೆ ಕಾಲು ಸೆಕೆಂಡು. ಒಂದು ನೋಟ ಅನುಮಾನವಾಗಿ ಕಾಣುವುದಕ್ಕೂ ದುಃಖವಾಗಿ ಕಾಣುವುದಕ್ಕೂ ಅಷ್ಟು ಅಂತರ ಸಾಕಾಗುತ್ತದೆ.

ಎರಡು ಶಾಟ್‌ಗಳು ಸೇರಿದಾಗ ಎರಡರಲ್ಲಿಯೂ ಇಲ್ಲದ ಮೂರನೆಯ ಅರ್ಥವೊಂದು ಹುಟ್ಟುತ್ತದೆಂಬುದನ್ನು ರಷ್ಯಾದ ಲೆವ್ ಕುಲೆಶೊವ್ ತನ್ನ ಪ್ರಯೋಗಗಳಲ್ಲಿ ತೋರಿಸಿದನು. ನಟ ಮೊಸ್ಜುಕಿನ್‌ನ ನಿರ್ಭಾವದ ಮುಖವೊಂದನ್ನೇ ಸೂಪಿನ ಬಟ್ಟಲು, ಶವಪೆಟ್ಟಿಗೆ, ಆಡುವ ಮಗು ಇವುಗಳೊಡನೆ ಜೋಡಿಸಿದಾಗ ಪ್ರೇಕ್ಷಕರು ಅದೇ ಮುಖದಲ್ಲಿ ಬೇರೆ ಬೇರೆ ಭಾವಗಳನ್ನು ಕಂಡರೆಂದು ಪುಡೋವ್ಕಿನ್ ದಾಖಲಿಸಿದ್ದಾನೆ. ಮೂಲ ತುಣುಕು ಉಳಿದಿಲ್ಲವಾದರೂ ತತ್ತ್ವ ಉಳಿದಿದೆ. ಏಕೆ ಕತ್ತರಿಸಬೇಕೆಂಬ ಪ್ರಶ್ನೆಗೆ ಇದು ಒಂದು ಉತ್ತರ. ಯಾವಾಗ ಎಂಬುದಕ್ಕೆ ಇದರಲ್ಲಿ ಉತ್ತರವಿಲ್ಲ.

ಹಾಲಿವುಡ್ ಪರಂಪರೆ ಈ ಎರಡನೆಯ ಪ್ರಶ್ನೆಗೆ ಕೊಟ್ಟ ಉತ್ತರ ನಿರಂತರತೆ. ಪಾತ್ರ ಕುರ್ಚಿಯಿಂದ ಏಳುತ್ತಿರುವಾಗಲೇ ಕತ್ತರಿಸಿದರೆ ಚಲನೆಯಲ್ಲಿ ಕತ್ತರಿ ಮರೆಯಾಗುತ್ತದೆ. ಕ್ಯಾಮೆರಾ ಪಾತ್ರಗಳ ನಡುವಿನ ಕಾಲ್ಪನಿಕ ರೇಖೆಯನ್ನು ದಾಟದಿದ್ದರೆ ದಿಕ್ಕು ತಪ್ಪುವುದಿಲ್ಲ. ಉಪಯುಕ್ತ ನಿಯಮಗಳೇ ಸರಿ. ಆದರೆ 1960ರಲ್ಲಿ ಗೊದಾರ್ ತನ್ನ ‘ಬ್ರೆತ್‌ಲೆಸ್’ ಚಿತ್ರದಲ್ಲಿ ಒಂದೇ ಶಾಟ್‌ನ ನಡುವಿನಿಂದ ಭಾಗಗಳನ್ನು ಕಿತ್ತು ಜಿಗಿತವನ್ನು ಬಯಲಾಗಿಯೇ ಬಿಟ್ಟಾಗಲೂ ಪ್ರೇಕ್ಷಕ ಕಥೆಯ ಎಳೆಯನ್ನು ಕಳೆದುಕೊಳ್ಳಲಿಲ್ಲ.

ಅಮೆರಿಕದ ಸಂಕಲನಕಾರ ವಾಲ್ಟರ್ ಮರ್ಚ್ ಈ ನಿಯಮಗಳ ಕ್ರಮವನ್ನೇ ತಲೆಕೆಳಗು ಮಾಡಿದನು. ಆತನ ತೂಗುವಿಕೆಯಲ್ಲಿ ಭಾವಕ್ಕೆ 51, ಕಥೆಗೆ 23, ಲಯಕ್ಕೆ 10, ಪ್ರೇಕ್ಷಕನ ಕಣ್ಣು ಹರಿಯುವ ಜಾಡಿಗೆ 7, ಪರದೆಯ ಸಮತಲಕ್ಕೆ 5, ಮೂರು ಆಯಾಮದ ಸ್ಥಳದ ನಿರಂತರತೆಗೆ ಬರಿಯ 4 ಅಂಶ. ಅಂಕಿಗಳನ್ನು ಆತ ಅರ್ಧ ವಿನೋದದಿಂದಲೇ ಕೊಟ್ಟಿದ್ದಾನೆ. ಆದರೆ ಭಾವವೊಂದೇ ಉಳಿದೈದನ್ನೂ ಮೀರಿಸುವಂತೆ ಎಣಿಸಿರುವುದು ಆಕಸ್ಮಿಕವಲ್ಲ. ಎಲ್ಲವನ್ನೂ ಉಳಿಸಲಾಗದಿದ್ದಾಗ ಕೆಳಗಿನಿಂದ ಬಿಟ್ಟುಕೊಡಬೇಕೆಂಬುದು ಇದರ ತಾತ್ಪರ್ಯ. ಕೈಯಲ್ಲಿದ್ದ ಲೋಟ ಮರುಕ್ಷಣದಲ್ಲಿ ಮೇಜಿನ ಮೇಲಿದ್ದರೂ ನಡೆದೀತು, ನಟಿಯ ಧ್ವನಿ ನಡುಗಿದ ಆ ಒಂದು ಟೇಕನ್ನು ಕೈಬಿಡಲಾಗದು.

‘ದಿ ಕಾನ್ವರ್ಸೇಷನ್’ (1974) ಚಿತ್ರದ ಸಂಕಲನದಲ್ಲಿ ತಾನು ಕತ್ತರಿಸಬೇಕೆಂದುಕೊಂಡ ಸ್ಥಳದ ಆಸುಪಾಸಿನಲ್ಲಿಯೇ ನಟ ಜೀನ್ ಹ್ಯಾಕ್‌ಮನ್ ಕಣ್ಣು ಮಿಟುಕಿಸುತ್ತಿದ್ದುದನ್ನು ಮರ್ಚ್ ಗಮನಿಸಿದನು. ಒಂದು ಆಲೋಚನೆ ಮುಗಿದು ಇನ್ನೊಂದು ತೊಡಗುವಲ್ಲಿ ರೆಪ್ಪೆ ಬೀಳುತ್ತದೆ, ಕತ್ತರಿಯ ಸ್ಥಾನವೂ ಅದೇ ಎಂಬುದು ಆತನ ಊಹೆ. ಇದನ್ನು ನಿಯಮವೆನ್ನುವುದಕ್ಕಿಂತ ಒಳ್ಳೆಯ ಸುಳಿವು ಎನ್ನುವುದು ಲೇಸು. ಇದರ ಬೆಲೆ ಸಂಭಾಷಣೆಯ ದೃಶ್ಯಗಳಲ್ಲಿ ಹೆಚ್ಚು. ಮಾತನಾಡುವವರ ಮುಖವನ್ನೇ ಸರದಿಯಂತೆ ತೋರಿಸುತ್ತ ಹೋಗುವುದು ನಮ್ಮ ದೂರದರ್ಶನ ಧಾರಾವಾಹಿಗಳಲ್ಲಿ ರೂಢಿಯಾಗಿದೆ. ಮಾತಿನ ಪೆಟ್ಟು ಬೀಳುವುದು ಕೇಳುವವನ ಮೇಲೆ. ವಾಕ್ಯ ಮುಗಿಯುವ ಮೊದಲೇ ಕೇಳುಗನ ಮುಖಕ್ಕೆ ಹೋಗಿ, ಧ್ವನಿಯನ್ನು ಅದರ ಮೇಲೆ ಹರಿಯಬಿಟ್ಟರೆ, ಅವನಿಗೆ ವಿಷಯ ಹೊಳೆಯುವ ಕ್ಷಣ ನಮಗೆ ಸಿಗುತ್ತದೆ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಯಮುನಕ್ಕನ ಪಾಡನ್ನು ನಾಣಿಯೆಂಬ ಬಾಲಕನ ಕಣ್ಣಿನಿಂದ ಕಾಣಿಸುತ್ತದೆ. ಹುಡುಗನಿಗೆ ಅರ್ಥವಾಗದಿರುವುದು ನಮಗೆ ಅರ್ಥವಾಗುತ್ತಿರುತ್ತದೆ. ಆತನ ಮುಖಕ್ಕೆ ಅವಸರದಿಂದ ಹೋಗಿ ಬಂದಿದ್ದರೆ ಈ ಅಂತರವೇ ಅಳಿಯುತ್ತಿತ್ತು.

ಉಪಕರಣಗಳು ಬದಲಾದಂತೆ ಈ ವಿವೇಚನೆಯ ಸಂದರ್ಭವೂ ಬದಲಾಗಿದೆ. ‘ಅಪೋಕ್ಯಾಲಿಪ್ಸ್ ನೌ’ (1979) ಚಿತ್ರಕ್ಕಾಗಿ ಸುಮಾರು 12.5 ಲಕ್ಷ ಅಡಿ, ಅಂದರೆ 230 ಗಂಟೆಗಳಿಗೂ ಮಿಗಿಲಾದ ಚಿತ್ರಿಕೆ ಸಂಗ್ರಹವಾಗಿತ್ತು. ತೆರೆಗೆ ಬಂದದ್ದು ಎರಡೂವರೆ ಗಂಟೆಗೂ ಕಡಿಮೆ. ಫಿಲ್ಮನ್ನು ಕತ್ತರಿಸಿ ಟೇಪಿನಿಂದ ಅಂಟಿಸಬೇಕಾಗಿದ್ದ ಕಾಲದಲ್ಲಿ ಪ್ರತಿ ಕತ್ತರಿಗೂ ಮುನ್ನ ಕೈ ಒಮ್ಮೆ ತಡೆಯುತ್ತಿತ್ತು. ಗಣಕಯಂತ್ರದಲ್ಲಿ ಆ ತಡೆಯಿಲ್ಲ. ಎಷ್ಟು ಸಲ ಬೇಕಾದರೂ ಕತ್ತರಿಸಿ ಹಿಂದಿರುಗಬಹುದು. ಇದು ಲಾಭವೇ. ಆದರೆ ಸುಲಭವಾದ ಕತ್ತರಿ ಕಾರಣವನ್ನು ಕೇಳುವುದಿಲ್ಲ. ದೃಶ್ಯ ಜಡವೆನಿಸಿದೊಡನೆ ಇನ್ನೊಂದು ಕೋನಕ್ಕೆ ಹಾರುವ ಚಟ ಇಲ್ಲಿಂದಲೇ ಬೆಳೆದಿದೆಯೆಂದು ಈ ಲೇಖಕನ ಅನಿಸಿಕೆ.

ಮರ್ಚ್ ಡಿಜಿಟಲ್ ಸಂಕಲನವನ್ನು ವಿರೋಧಿಸಿದವನಲ್ಲ. ‘ದಿ ಇಂಗ್ಲಿಷ್ ಪೇಶೆಂಟ್’ (1996) ಚಿತ್ರಕ್ಕೆ ಆತನಿಗೆ ಸಂಕಲನದ ಆಸ್ಕರ್ ಬಂದುದು ಗಣಕಯಂತ್ರದ ಕೆಲಸಕ್ಕೇ. ಆದರೂ ತಡೆಯನ್ನು ಆತ ಬೇರೊಂದು ಬಗೆಯಲ್ಲಿ ಉಳಿಸಿಕೊಂಡನು. ನಿಂತುಕೊಂಡೇ ಕೆಲಸ ಮಾಡುವ ಆತ ಶಾಟ್ ಓಡುತ್ತಿರುವಾಗಲೇ, ಸಾಕೆನಿಸಿದ ಕ್ಷಣದಲ್ಲಿ ಗುಂಡಿಯೊತ್ತಿ ಫ್ರೇಮನ್ನು ಗುರುತಿಸುತ್ತಾನೆ. ಮತ್ತೆ ಮೊದಲಿನಿಂದ ಓಡಿಸಿ, ಗುರುತನ್ನು ನೋಡದೆ ಇನ್ನೊಮ್ಮೆ ಒತ್ತುತ್ತಾನೆ. ಎರಡು ಸಲವೂ ಅದೇ ಫ್ರೇಮು ಸಿಕ್ಕಿದರೆ ಅಲ್ಲಿ ಕತ್ತರಿಸುತ್ತಾನೆ. ಸಿಗದಿದ್ದರೆ ಆ ಶಾಟ್ ತನಗೆ ಇನ್ನೂ ಅರ್ಥವಾಗಿಲ್ಲವೆಂದು ತಿಳಿದು ಮತ್ತೆ ನೋಡಲು ತೊಡಗುತ್ತಾನೆ.