ಬಸವನಹುಳುವಿನ ಸಾಕ್ಷ್ಯ

ಮುಂಗಾರಿನ ಮೊದಲ ಮಳೆ ಬಿದ್ದೊಡನೆ ನಮ್ಮ ಹಿತ್ತಿಲುಗಳಲ್ಲಿ ಬಸವನಹುಳುಗಳು ಕಾಣಿಸಿಕೊಳ್ಳುತ್ತವೆ. ನೆಲ ಒಣಗಿತೆಂದರೆ ಮರೆಯಾಗುತ್ತವೆ. ತೇವವೂ ಶಾಖವೂ ತಕ್ಕಷ್ಟಿದ್ದಲ್ಲದೆ ಈ ಮೆದುಮೈಯ ಪ್ರಾಣಿ ಬಾಳಲಾರದು. ಹಕ್ಕಿಯಂತೆ ವಲಸೆ ಹೋಗುವ ಶಕ್ತಿಯೂ ಅದಕ್ಕಿಲ್ಲ. ಹುಟ್ಟಿದ ಸ್ಥಳದ ಆಸುಪಾಸಿನಲ್ಲಿಯೇ ಅದರ ಜೀವಿತ ಮುಗಿಯುತ್ತದೆ. ಆದುದರಿಂದ ಹಳೆಯ ಮಣ್ಣಿನ ಪದರದಲ್ಲಿ ಹುದುಗಿರುವ ಅದರ ಚಿಪ್ಪು, ಆ ಪದರವು ಶೇಖರವಾದ ಕಾಲದಲ್ಲಿ ಅಲ್ಲಿಯ ವಾಯುಗುಣ ಎಂತಹುದಾಗಿತ್ತೆಂಬುದಕ್ಕೆ ಸಾಕ್ಷಿಯಾಗುತ್ತದೆ.

ಈ ಸಾಕ್ಷ್ಯವು ಹೇರಳವಾಗಿ ದೊರೆಯುವುದು ಮಧ್ಯ ಯೂರೋಪಿನ ಲೋಯೆಸ್ ನಿಕ್ಷೇಪಗಳಲ್ಲಿ. ಲೋಯೆಸ್ ಎಂದರೆ ಹಿಮಯುಗಗಳಲ್ಲಿ ಗಾಳಿಯು ಹೊತ್ತುತಂದು ಹರಡಿದ ನಸುಹಳದಿಯ ನವುರಾದ ಧೂಳು. ಅದರಲ್ಲಿ ಸುಣ್ಣದ ಅಂಶ ಹೆಚ್ಚಾಗಿರುವುದರಿಂದ, ಸುಣ್ಣದಿಂದಲೇ ಆದ ಚಿಪ್ಪುಗಳು ಕರಗದೆ ಉಳಿದಿವೆ. ಅನೇಕ ಚಿಪ್ಪುಗಳು ಅಕ್ಕಿಕಾಳಿಗಿಂತ ಚಿಕ್ಕವು. ಮಣ್ಣನ್ನು ಪದರಪದರವಾಗಿ ತೆಗೆದು, ನೀರಿನಲ್ಲಿ ಕದಡಿ, ಸಣ್ಣ ಕಣ್ಣಿನ ಜರಡಿಯಲ್ಲಿ ತೊಳೆದು, ಉಳಿದ ಚಿಪ್ಪುಗಳನ್ನು ಪ್ರಭೇದವಾರು ವಿಂಗಡಿಸಿ ಎಣಿಸುತ್ತಾರೆ.

ಮೊರಾವಿಯದ ಡೋಲ್ನಿ ವೆಸ್ತೊನಿತ್ಸೆ ಎಂಬಲ್ಲಿ, ಇಟ್ಟಿಗೆಗಾಗಿ ಮಣ್ಣು ತೆಗೆದ ಕಡಿದಾದ ಗೋಡೆಯಲ್ಲಿ, ಹಳದಿಯ ಲೋಯೆಸ್ ಪದರಗಳೂ ಕಂದುಬಣ್ಣದ ಮಣ್ಣಿನ ಪದರಗಳೂ ಒಂದರ ಮೇಲೊಂದು ಇರುವುದನ್ನು ನಾವು ಕಾಣಬಹುದು. ಮಧ್ಯ ಯೂರೋಪಿನ ಲೋಯೆಸ್‌ನಲ್ಲಿ ಸಿಕ್ಕುವ ಹುಳುಗಳಲ್ಲಿ ಕೊಲುಮೆಲ್ಲ ಕೊಲುಮೆಲ್ಲ ಎಂಬುದು ಒಂದು. ಅದು ಇಂದು ಬಾಳುವುದು ಸ್ಕಾಂಡಿನೇವಿಯದ ಉತ್ತರಭಾಗದಲ್ಲಿ ಮತ್ತು ಆಲ್ಪ್ಸ್ ಪರ್ವತದಲ್ಲಿ ಮರಗಳ ಎಲ್ಲೆಯನ್ನು ದಾಟಿದ ಎತ್ತರದಲ್ಲಿ. ಎರಡು ಹಿಮಯುಗಗಳ ನಡುವಣ ಕಾಲದ ನಿಕ್ಷೇಪಗಳಲ್ಲಾದರೋ ಡ್ರೊಬಾಸಿಯ ಬನಾಟಿಕ ಎಂಬ ದೊಡ್ಡ ಹುಳು ದೊರೆಯುತ್ತದೆ; ಇಂದು ಅದರ ನೆಲೆ ರುಮೇನಿಯದ ಕಾರ್ಪೇಥಿಯನ್ ಕಾಡುಗಳು. ಅದರ ಪಳೆಯುಳಿಕೆಗಳು ಪಶ್ಚಿಮಕ್ಕೆ ದೂರದ ಜರ್ಮನಿಯಲ್ಲಿಯೂ ಸಿಕ್ಕಿವೆ. ಕೊರೆಯುವ ಚಳಿಯ ಬಯಲೂ ಬೆಚ್ಚನೆಯ ತೇವದ ಕಾಡೂ ಒಂದೇ ನಾಡಿನಲ್ಲಿ ಸರದಿಯಂತೆ ಬಂದುಹೋದುವೆಂದು ನಾವು ತಿಳಿಯುವುದು ಹೀಗೆ.

ಆದರೆ ಒಂದು ಪ್ರಶ್ನೆ ಏಳುತ್ತದೆ. ಈ ತರ್ಕವೆಲ್ಲ ಇಂದು ಬದುಕಿರುವ ಹುಳುವಿನ ನೆಲೆಯನ್ನು ಅವಲಂಬಿಸಿದೆ, ಹುಳುವೇ ಅಳಿದುಹೋಗಿದ್ದರೆ? 1954ರಲ್ಲಿ ಚೆಕ್ ವಿಜ್ಞಾನಿ ವೊಯೆನ್ ಲೊಜೆಕ್ ಅವರು ಪ್ಯುಪಿಲ್ಲ ಲೋಯೆಸ್ಸಿಕ ಎಂದು ಹೆಸರಿಟ್ಟ ಲೋಯೆಸ್‌ನ ಹುಳು ಅಂತಹುದೆಂದು ಬಹುಕಾಲ ಎಣಿಸಲಾಗಿತ್ತು. ಸುಮಾರು 2010ರ ವೇಳೆಗೆ ಅದು ಸೈಬೀರಿಯದ ದಕ್ಷಿಣದ ಆಲ್ಟಾಯ್ ಪರ್ವತಪ್ರದೇಶದಲ್ಲಿ ಜೀವಂತವಾಗಿರುವುದು ತಿಳಿದುಬಂತು. ಹಿಮಯುಗದ ಯೂರೋಪಿನ ಅದರ ಸಂಗಾತಿಗಳಲ್ಲಿ ಅನೇಕವು ಅಲ್ಲಿಯೇ ಇದ್ದುವು. ಅವುಗಳ ನೆಲೆ ಬರಿಯ ಒಣ ಹುಲ್ಲುಗಾವಲಷ್ಟೇ ಅಲ್ಲ. ಪೊದೆಗಳ ನಡುವೆ, ತೇವದ ತಾಣಗಳಲ್ಲಿ ಕೂಡ ಅವು ವಾಸಿಸುತ್ತವೆ. ಹಿಮಯುಗದ ಯೂರೋಪೆಂದರೆ ಎಲ್ಲೆಡೆಯೂ ಒಂದೇ ತೆರನಾದ ಒಣ ಬಯಲೆಂಬ ಚಿತ್ರವನ್ನು ತಿದ್ದಬೇಕಾಯಿತು.

ನ್ಯಾಯಾಲಯದಲ್ಲಿ ಹೇಗೋ ಹಾಗೆ ಇಲ್ಲಿಯೂ ಒಬ್ಬನೇ ಸಾಕ್ಷಿಯ ಮಾತು ಸಾಲದು. ನೀರಿನಲ್ಲಿ ತೇಲಿಬಂದ ಚಿಪ್ಪು ಬೇರೆಡೆಯದಾಗಿರಬಹುದು. ಸಿಹಿನೀರಿನ ಹುಳು ಕಂಡರೆ ಅದು ಅಲ್ಲಿದ್ದ ಒಂದು ಕೊಳವನ್ನಷ್ಟೇ ಸೂಚಿಸಬಹುದು. ಆದುದರಿಂದ ಒಂದು ಪದರದ ಎಲ್ಲ ಪ್ರಭೇದಗಳನ್ನೂ ಒಟ್ಟಿಗೆ ನೋಡುತ್ತಾರೆ. ಚಿಪ್ಪಿನಲ್ಲಿರುವ ಆಮ್ಲಜನಕದ ಭಾರವಾದ ಮತ್ತು ಹಗುರವಾದ ಪರಮಾಣುಗಳ ಪ್ರಮಾಣವನ್ನು ಅಳೆದು ಆ ನಿರ್ಣಯವನ್ನು ಒರೆಗೆ ಹಚ್ಚುತ್ತಾರೆ.

ಗತಕಾಲವನ್ನು ಓದುವ ಕೀಲಿಕೈ ಇಂದು ಜೀವಿಸಿರುವ ಪ್ರಾಣಿಯಲ್ಲಿದೆ. ಕಾಲ ಕೆಳಗಿನ ಒಂದು ಹುಳು ನಮ್ಮ ಅಲಕ್ಷ್ಯದಿಂದ ನಿರ್ನಾಮವಾದರೆ, ಯಾವುದೋ ಪುರಾತನ ಪದರವನ್ನು ಓದಬಲ್ಲ ಕೀಲಿಕೈಯೂ ಅದರೊಡನೆ ನಮ್ಮ ಕೈತಪ್ಪುತ್ತದೆ.