ಫ್ಲಶ್ ಟ್ಯಾಂಕಿನಲ್ಲಿ ಕೂರುವ ಸುಣ್ಣ

ರಾತ್ರಿ ಎಲ್ಲರೂ ಮಲಗಿದ ಮೇಲೆ, ಪಾಯಖಾನೆಯೊಳಗೆ ಯಾರೂ ಇಲ್ಲದಿದ್ದರೂ ಟ್ಯಾಂಕ್ ಸರ್ರನೆ ನೀರು ತುಂಬಿಕೊಂಡು ಸುಮ್ಮನಾಗುತ್ತದೆ. ತಾಸೆರಡು ತಾಸು ಬಿಟ್ಟು ಮತ್ತೆ ಅದೇ ಸದ್ದು. ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನ ಹನುಮಸಾಗರದಂಥ ಊರುಗಳಲ್ಲಿ ಹೊಸ ಮನೆಗಳಿಗೆ ಕಮೋಡು ಬಂತು, ಅದರ ಜೊತೆ ಈ ಸದ್ದೂ ಬಂತು. ತಂಬಿಗೆಯಲ್ಲಿ ನೀರು ಸುರಿಯುವ ಮನೆಗಳಿಗೆ ಇದರ ಗೋಜಿಲ್ಲ; ಅಲ್ಲಿ ಸೋರುವುದಿದ್ದರೆ ನಳ ಮಾತ್ರ, ಅದೂ ಕಣ್ಣೆದುರೇ.

ಫ್ಲಶ್ ಟ್ಯಾಂಕಿನ ಸೋರಿಕೆ ಕಣ್ಣಿಗೆ ಬೀಳುವುದಿಲ್ಲ. ಬೇಸಿನ್ನಿನ ಹಿಂಗೋಡೆಗುಂಟ ಕೂದಲೆಳೆಯಷ್ಟು ನೀರು ಜಾರುತ್ತಿರುತ್ತದೆ. 200 ಮಿಲಿಲೀಟರಿನ ಲೋಟ ತುಂಬಲು ಎರಡು ನಿಮಿಷ ಹಿಡಿಯುವಷ್ಟು ಸಣ್ಣ ಎಳೆ ಎಂದಿಟ್ಟುಕೊಳ್ಳಿ. ತಾಸಿಗೆ 6 ಲೀಟರ್, ದಿನಕ್ಕೆ 144 ಲೀಟರ್! 2019ರಲ್ಲಿ ಶುರುವಾದ ಜಲಜೀವನ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ ಗೊತ್ತುಮಾಡಿದ್ದು 55 ಲೀಟರ್. ಇಬ್ಬರ ಪಾಲಿನ ನೀರು, ಮೇಲಿಷ್ಟು, ಯಾರೂ ಮುಟ್ಟದೆ ಗುಂಡಿ ಸೇರಿತು.

ಟ್ಯಾಂಕಿನ ತಳದ ತೂತನ್ನು ಮುಚ್ಚಿರುವುದು ಒಂದು ರಬ್ಬರ್ ವಾಷರ್. ಅದರ ಅಗಲ 6 ಸೆಂಟಿಮೀಟರ್, ಮೇಲೆ ನಿಂತ ನೀರು 25 ಸೆಂಟಿಮೀಟರ್ ಎತ್ತರ ಎಂದರೆ ವಾಷರ್ ಮೇಲೆ ಬೀಳುವ ಭಾರ ಸುಮಾರು 700 ಗ್ರಾಂ. ತನ್ನನ್ನು ತಡೆದಿರುವ ಬಾಗಿಲನ್ನು ನೀರೇ ಒತ್ತಿ ಹಿಡಿದಿರುತ್ತದೆ. ಹಾಗಿದ್ದೂ ಸೋರುತ್ತದೆಂದರೆ ವಾಷರಿಗೂ ಅದು ಕೂರುವ ಅಂಚಿಗೂ ನಡುವೆ ಏನೋ ಸಿಕ್ಕಿಕೊಂಡಿದೆ. ಕೊಪ್ಪಳದ ಸೀಮೆಯಲ್ಲಿ ಆ ‘ಏನೋ’ ಹೆಚ್ಚಾಗಿ ಸುಣ್ಣ. ವಾಷರ್ ಕಳಪೆ ಎಂದು ಅಂಗಡಿಯವರನ್ನು ಬೈಯುವ ಮೊದಲು ಕೊಳವೆಬಾವಿಯ ನೀರನ್ನು ನೋಡಬೇಕು.

ಮಳೆನೀರು ಮಣ್ಣಿನೊಳಗೆ ಇಳಿಯುವಾಗ ಅಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ತುಸು ಹುಳಿಯಾಗುತ್ತದೆ. ಆ ಹುಳಿನೀರು ಗ್ರಾನೈಟ್, ನೈಸ್ ಬಂಡೆಗಳ ಬಿರುಕಿನಲ್ಲಿ ಹರಿಯುತ್ತ ಕ್ಯಾಲ್ಸಿಯಂ ಕರಗಿಸಿಕೊಳ್ಳುತ್ತದೆ. ಎರೆಹೊಲದಲ್ಲಿ ನೇಗಿಲಿಗೆ ಸಿಗುವ ಬಿಳಿ ಸುಣ್ಣದ ಹರಳೂ ಅದಕ್ಕೆ ತನ್ನ ಪಾಲು ಕೊಡುತ್ತದೆ. ನಾವು ಸವಳು ನೀರು, ಗಡಸು ನೀರು ಎನ್ನುವುದು ಇದಕ್ಕೇ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೂ ನಡೆಯುತ್ತದೆ. 600ರ ಲೆಕ್ಕ ಹಿಡಿದರೆ ಮಾಳಿಗೆ ಮೇಲಿನ 1,000 ಲೀಟರ್ ಟ್ಯಾಂಕಿನಲ್ಲಿ 600 ಗ್ರಾಂ ಸುಣ್ಣಕ್ಕಾಗುವಷ್ಟು ಸರಕು ಕಾಣದಂತೆ ಕರಗಿರುತ್ತದೆ. ಬೇಸಿಗೆಯ ಬಿಸಿಲಿಗೆ ಟ್ಯಾಂಕ್ ಕಾದರೆ ನೀರು ಹೀರಿದ್ದ ಆ ಡೈಆಕ್ಸೈಡ್ ಹಾರಿಹೋಗುತ್ತದೆ, ಕರಗಿದ್ದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಕಟ್ಟುತ್ತದೆ. ವಾಷರಿನ ಅಂಚಿನಲ್ಲಿ ಒಂದು ಹರಳು ಕೂತರೆ ಸೋರಿಕೆ ಶುರು. ಸೋರಿದಷ್ಟೂ ಹೊಸ ಗಡಸು ನೀರು ಅದೇ ಜಾಗದಲ್ಲಿ ಹಾಯುತ್ತದೆ, ಹರಳು ಇನ್ನಷ್ಟು ಬೆಳೆಯುತ್ತದೆ.

ಹಾಗೆಂದು ಸುಣ್ಣ ಕಟ್ಟದ ನೀರೆಲ್ಲ ಒಳ್ಳೆಯದೆಂದು ತಿಳಿಯಬಾರದು. ಕ್ಯಾಲ್ಸಿಯಂ ನೆಲದೊಳಗೇ ಸುಣ್ಣವಾಗಿ ಕೂತುಬಿಟ್ಟ ಕಡೆ, ಫ್ಲೋರೈಡನ್ನು ಕಟ್ಟಿಹಾಕಲು ಜೋಡಿಯಿಲ್ಲದೆ ಅದು ನೀರಿನಲ್ಲೇ ಉಳಿಯುತ್ತದೆ. ಕುಷ್ಟಗಿ, ಯಲಬುರ್ಗಾ ಭಾಗದ ಕೊಳವೆಬಾವಿಗಳು ಫ್ಲೋರೈಡಿಗೆ ಹೆಸರಾದವು. ಅದು ಹಲ್ಲು, ಮೂಳೆಗಳ ಕಥೆ, ಇಲ್ಲಿ ಬೇಡ.

ಸೋರುವ ಜಾಗ ಹಿಡಿಯಲು ಬಟ್ಟೆಗೆ ಹಾಕುವ ನೀಲಿ ಸಾಕು. ನಾಲ್ಕು ಹನಿ ಟ್ಯಾಂಕಿಗೆ ಹಾಕಿ, ಅರ್ಧ ತಾಸು ಫ್ಲಶ್ ಮಾಡದೆ ಬಿಡಿ. ಬೇಸಿನ್ನಿನ ನೀರು ನೀಲಿಯಾದರೆ ನೀರು ಟ್ಯಾಂಕಿನಿಂದಲೇ ಬರುತ್ತಿದೆ. ತಳದ ವಾಷರಿನಿಂದಲೋ ಮೇಲಿನಿಂದಲೋ ಎಂದು ತಿಳಿಯಲು ಟ್ಯಾಂಕಿಗೆ ನೀರು ಬಿಡುವ ಆಂಗಲ್ ಕಾಕ್ ಬಂದ್ ಮಾಡಿ, ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಹಾಕಿ ಬೆಳಗಿನವರೆಗೆ ಕಾಯಿರಿ. ನೀರು ತಳದವರೆಗೂ ಇಳಿದಿದ್ದರೆ ವಾಷರ್. ನಡುವೆ ಎಲ್ಲೋ ನಿಂತಿದ್ದರೆ ಆ ಎತ್ತರದಲ್ಲೇ ಬಿರುಕು ಹುಡುಕಿ. ಒಂದಿಷ್ಟೂ ಇಳಿದಿಲ್ಲವೆಂದರೆ ತಪ್ಪು ಬಾಲ್‌ಕಾಕ್‌ನದು: ಮುಚ್ಚಿಕೊಳ್ಳದೆ ನೀರು ಬಿಡುತ್ತಲೇ ಇದೆ, ಹೆಚ್ಚಾದದ್ದು ಓವರ್‌ಫ್ಲೋ ಕೊಳವೆಯಿಂದ ಇಳಿಯುತ್ತಿದೆ. ಚೆಂಡನ್ನು ಕಳಚಿ ಅಲ್ಲಾಡಿಸಿದರೆ ಒಳಗೆ ನೀರು ಹೊಕ್ಕಿದೆಯೋ ಇಲ್ಲವೋ ಗೊತ್ತಾಗುತ್ತದೆ. ನೀರು ಹೊಕ್ಕ ಚೆಂಡು ಸರಿಯಾಗಿ ತೇಲದು, ಮುಚ್ಚಳವನ್ನು ಒತ್ತದು. ಟ್ಯಾಂಕಿನ ಹೊರಗೆ ತೇವವಿದ್ದರೆ ಕೆಲವರು ಅದು ಬೆವರು ಎನ್ನುವುದುಂಟು. ಮಂಗಳೂರಿನ ತೇವದ ಗಾಳಿಯಲ್ಲಿ ಆ ಮಾತು ಒಪ್ಪಬಹುದು. ಹನುಮಸಾಗರದ ಒಣ ಬೇಸಿಗೆಯಲ್ಲಿ, ಮಾಳಿಗೆ ಮೇಲೆ ಕಾದ ನೀರು ತುಂಬಿದ ಟ್ಯಾಂಕ್ ಬೆವರುವುದೆಲ್ಲಿಂದ ಬಂತು? ಅದು ಜಾಯಿಂಟಿನ ಸೋರಿಕೆಯೇ.

ವಾಷರ್ ಬಿಚ್ಚಿ, ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಕೊಡುವ ಸಿಟ್ರಿಕ್ ಆಮ್ಲವನ್ನು ಉಗುರುಬೆಚ್ಚಗಿನ ನೀರಿಗೆ ಹಾಕಿ ನೆನೆಸಿಡಿ. ಏಳುವ ಗುಳ್ಳೆಗಳು ಇಂಗಾಲದ ಡೈಆಕ್ಸೈಡ್. ಸುಣ್ಣ ಕಟ್ಟುವಾಗ ಹಾರಿಹೋಗದೆ ಅದರೊಳಗೇ ಉಳಿದದ್ದು ಈಗ ಬಿಟ್ಟುಹೋಗುತ್ತಿದೆ. ವಾಷರ್ ಕೂರುವ ಅಂಚನ್ನೂ ಅದೇ ನೀರಿನ ಬಟ್ಟೆಯಿಂದ ಒರೆಸಬೇಕು, ಇಲ್ಲದಿದ್ದರೆ ಮಾಡಿದ್ದು ವ್ಯರ್ಥ. ರಬ್ಬರ್ ಗಟ್ಟಿಯಾಗಿದ್ದರೆ ಹಳೆಯದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಪಾಯಖಾನೆ ತೊಳೆಯುವ ಆ್ಯಸಿಡನ್ನು ಟ್ಯಾಂಕಿಗೆ ಸುರಿದರೆ ಕಬ್ಬಿಣದ ಬೋಲ್ಟುಗಳನ್ನೂ ತಿನ್ನುತ್ತದೆ. ಬ್ಲೀಚಿಂಗ್ ಪುಡಿಯ ಜೊತೆ ಅದು ಸೇರಿದರಂತೂ ಕ್ಲೋರಿನ್ ಅನಿಲ ಏಳುತ್ತದೆ, ಸಣ್ಣ ಕೋಣೆಯಲ್ಲಿ ಜೀವಕ್ಕೇ ಅಪಾಯ.

ಹಳೆಯ ಪ್ರವಾಸಿ ಬಂಗಲೆಗಳಲ್ಲಿ ಗೋಡೆಯೆತ್ತರಕ್ಕೆ ಕೂರಿಸಿ ಸರಪಳಿ ಎಳೆಯುತ್ತಿದ್ದ ಎರಕದ ಕಬ್ಬಿಣದ ಟ್ಯಾಂಕುಗಳಿಗೆ ಈ ರೋಗ ತಗಲುತ್ತಿರಲಿಲ್ಲ. ಅವುಗಳ ತಳದಲ್ಲಿ ವಾಷರೇ ಇಲ್ಲ. ನೀರು ಬಾಗಿದ ಕೊಳವೆಯ ನೆತ್ತಿ ಹತ್ತಿ ಇಳಿಯಬೇಕು. ಎಳೆದಾಗ ಮಾತ್ರ ಹತ್ತುತ್ತದೆ. ನೀರು ಪೋಲಾಗಬಾರದೆಂದು ಬ್ರಿಟನ್ನಿನ ಕಾನೂನು ಈ ಸೈಫನ್ ಪದ್ಧತಿಯನ್ನೇ ಕಡ್ಡಾಯವಾಗಿಟ್ಟಿತ್ತು. 1999ರ ನಿಯಮಗಳ ಪ್ರಕಾರ 2001ರಿಂದ ಅಲ್ಲಿಯೂ ವಾಷರಿನ ಟ್ಯಾಂಕಿಗೆ ಒಪ್ಪಿಗೆ ಸಿಕ್ಕಿತು. ಗುಂಡಿ ಒತ್ತುವ ಸುಖ ಸಿಕ್ಕಿತು, ಸೋರಿಕೆಯೂ ಸಿಕ್ಕಿತು.

ನಮ್ಮ ಹಳ್ಳಿಗಳಲ್ಲಿ ಇನ್ನೊಂದು ತೊಡಕಿದೆ. ಒಳಚರಂಡಿ ಇಲ್ಲದ ಕಡೆ ಸೋರಿದ ನೀರೆಲ್ಲ ಇಂಗುಗುಂಡಿಗೆ ಹೋಗುತ್ತದೆ. ಎರೆಮಣ್ಣು ನೀರು ಹೀರುವುದು ಬಹಳ ನಿಧಾನ. ವರ್ಷಗಟ್ಟಲೆ ಬರಬೇಕಾದ ಗುಂಡಿ ಬೇಗನೆ ತುಂಬಿ ನಿಂತಾಗ ಮನೆಯವರು ಗುಂಡಿ ಸಣ್ಣದಾಯಿತೆಂದು ಇನ್ನೊಂದನ್ನು ತೋಡಿಸುತ್ತಾರೆ. ಅದಕ್ಕೆ ಮುಂಚೆ ಟ್ಯಾಂಕಿಗೆ ನೀಲಿ ಹಾಕಿ ನೋಡಿದ್ದರೆ ಕೆಲಸ ಒಂದು ವಾಷರಿನಲ್ಲಿ ಮುಗಿಯುತ್ತಿತ್ತೇನೋ.