ಹಳೆಯ ವಿಳಾಸಕ್ಕೆ ಹೋದ ಜಪ್ತಿ ನೋಟಿಸ್

ಪುಣೆಯ ಹಿಂಜವಡಿ, ವಾಕಡ್ ಕಡೆ ಇರುವ ನಮ್ಮಂಥ ಕನ್ನಡಿಗರಲ್ಲಿ ಬಹಳ ಮಂದಿಗೆ ಎರಡು ವಿಳಾಸ. ಒಂದು ಬಾಡಿಗೆ ಮನೆಯದು, ಇನ್ನೊಂದು ಆಧಾರ್ ಕಾರ್ಡಿನಲ್ಲಿರುವ ಊರ ಮನೆಯದು. ಸಾಲದ ಕಾಗದಗಳಲ್ಲಿ ಹೆಚ್ಚಾಗಿ ಉಳಿಯುವುದು ಊರಿನದೇ. ಇದರಿಂದ ಏನಾಗಬಹುದು ಎಂಬುದನ್ನು ನನ್ನ ಸಹೋದ್ಯೋಗಿಯೊಬ್ಬರ ಪ್ರಕರಣದಲ್ಲಿ ಹತ್ತಿರದಿಂದ ನೋಡಿದೆ.

ಅವರು ಗದಗ ಕಡೆಯವರು. ಊರಿನಲ್ಲಿರುವ ಅವರ ತಮ್ಮ ಟೆಂಪೊ ಕೊಳ್ಳಲು ಹಣಕಾಸು ಕಂಪನಿಯೊಂದರಿಂದ ಸಾಲ ಪಡೆದಾಗ ಇವರು ಜಾಮೀನು ನಿಂತಿದ್ದರು. ಬಾಡಿಗೆ ಸಿಗದೆ ಟೆಂಪೊ ನಿಂತಿತು, ಕಂತುಗಳೂ ನಿಂತವು. ಒಂದು ತಿಂಗಳು ಸಂಬಳ ಜಮೆಯಾದ ಮರುದಿನ ಇವರ ಖಾತೆಯಿಂದ ಹಣ ತೆಗೆಯಲಾಗಲಿಲ್ಲ. ಚೆನ್ನೈನ ಆರ್ಬಿಟ್ರೇಟರ್ ಒಬ್ಬರಿಂದ ಜಪ್ತಿ ಆದೇಶ ಬಂದಿದೆ ಎಂದರು ಬ್ಯಾಂಕಿನವರು. ಮನೆ ಬಾಡಿಗೆ, ಮಗಳ ಶಾಲೆಯ ಫೀ ಎರಡೂ ಅದೇ ಖಾತೆಯಿಂದ ಹೋಗಬೇಕಿತ್ತು. ‘ಕೋರ್ಟಿನ ಮುಖಾನೇ ನೋಡಿಲ್ಲ, ಜಪ್ತಿ ಹೆಂಗ ಆತ್ರಿ?’ ಎಂದು ಕೇಳಿದರು. ಇಬ್ಬರೂ ಕೂತು ಒಪ್ಪಂದ ಓದಿ, ವಕೀಲರನ್ನು ಕಂಡ ಮೇಲೆ ಉತ್ತರ ಸಿಕ್ಕಿತು.

ಸಾಲದ ಒಪ್ಪಂದದ ಕೊನೆಯ ಪುಟಗಳಲ್ಲಿ, ವಿವಾದ ಬಂದರೆ ಆರ್ಬಿಟ್ರೇಟರ್, ಅಂದರೆ ಮಧ್ಯಸ್ಥಗಾರರ ಮುಂದೆ ಹೋಗಬೇಕು ಎಂಬ ಷರತ್ತು ಸಾಮಾನ್ಯ. 1996ರ ಮಧ್ಯಸ್ಥಿಕೆ ಮತ್ತು ಸಂಧಾನ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ವಿಚಾರಣೆ ಮುಗಿಯುವ ಮೊದಲೇ ವಿವಾದದ ಮೊತ್ತಕ್ಕೆ ಭದ್ರತೆ ಒದಗಿಸುವ ಮಧ್ಯಂತರ ಆದೇಶವನ್ನು ಅವರು ಕೊಡಬಹುದು. ಮೊದಲು ಇಂಥ ಆದೇಶಕ್ಕೆ ಬಲವಿರಲಿಲ್ಲ. 2015ರ ಅಕ್ಟೋಬರ್ 23ರಿಂದ ಜಾರಿಗೆ ಬಂದ ತಿದ್ದುಪಡಿಯ ನಂತರ ಅದಕ್ಕೆ ಕೋರ್ಟ್ ಆದೇಶದಷ್ಟೇ ತೂಕ. ಆದ್ದರಿಂದ ‘ಇದು ಕೋರ್ಟಿನ ಕಾಗದವಲ್ಲ’ ಎಂದು ಪಕ್ಕಕ್ಕಿಡುವ ಹಾಗಿಲ್ಲ.

ನೋಟಿಸ್ ಬಂದಿರಲಿಲ್ಲವೇ? ಬಂದಿತ್ತು, ಗದಗಕ್ಕೆ. ಇಂಗ್ಲಿಷ್ ಕಾಗದವೆಂದು ತಾಯಿ ಕಪಾಟಿನಲ್ಲಿ ಎತ್ತಿಟ್ಟಿದ್ದರು. ವಾಸದ ಮನೆಗೆ ಅಥವಾ ಅಂಚೆ ವಿಳಾಸಕ್ಕೆ ತಲುಪಿಸಿದರೆ ನೋಟಿಸ್ ಸಿಕ್ಕಂತೆ ಎನ್ನುತ್ತದೆ ಕಾಯ್ದೆಯ 3ನೇ ಸೆಕ್ಷನ್. ವಿಚಾರಿಸಿದರೂ ಆಸಾಮಿ ಸಿಗದಿದ್ದರೆ, ಗೊತ್ತಿರುವ ಕೊನೆಯ ವಿಳಾಸಕ್ಕೆ ರಿಜಿಸ್ಟರ್ಡ್ ಅಂಚೆ ಕಳಿಸಿದರೂ ಸಾಕು. ಎದುರು ಪಕ್ಷ ಹಾಜರಾಗದಿದ್ದರೆ ವಿಚಾರಣೆ ಮುಂದುವರಿಸಲೂ ಅವಕಾಶವಿದೆ.

ಆದರೆ ಈ ಅಧಿಕಾರಕ್ಕೆ ಮಿತಿಗಳಿವೆ. ಮೊದಲು ನೋಡಬೇಕಾದದ್ದು ಆರ್ಬಿಟ್ರೇಟರನ್ನು ನೇಮಿಸಿದವರು ಯಾರು ಎಂಬುದನ್ನು. ವಿವಾದದ ಫಲದಲ್ಲಿ ಹಿತಾಸಕ್ತಿ ಇರುವವರು ತಾವೊಬ್ಬರೇ ಆರ್ಬಿಟ್ರೇಟರನ್ನು ನೇಮಿಸುವಂತಿಲ್ಲ ಎಂದು ಪರ್ಕಿನ್ಸ್ ಈಸ್ಟ್‌ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ನವೆಂಬರ್‌ನಲ್ಲಿ ಹೇಳಿತು. ಹೀಗೆ ಏಕಪಕ್ಷೀಯವಾಗಿ ನೇಮಕವಾದವರು ಕೊಟ್ಟ ಸಾಲ ವಸೂಲಿ ತೀರ್ಪೊಂದನ್ನು ಜಾರಿ ಮಾಡಲಾಗದು ಎಂದು ದೆಹಲಿ ಹೈಕೋರ್ಟ್ 2023ರಲ್ಲಿ ಹೇಳಿದೆ. ವಿವಾದ ಶುರುವಾದ ಮೇಲೆ ನಾವೇ ಲಿಖಿತವಾಗಿ ಒಪ್ಪಿಗೆ ಕೊಟ್ಟರೆ ಮಾತ್ರ ಈ ಆಕ್ಷೇಪಣೆ ಕೈತಪ್ಪಬಹುದು. ಹಾಗಾಗಿ ‘ಅಭ್ಯಂತರವಿಲ್ಲ’ ಎಂಬ ಕಾಗದಕ್ಕೆ ಅವಸರದಲ್ಲಿ ಸಹಿ ಹಾಕಬೇಡಿ.

ಎರಡನೆಯದು, ತೀರ್ಪಿಗೆ ಮೊದಲೇ ಜಪ್ತಿ ಮಾಡುವುದು ಅಸಾಧಾರಣ ಕ್ರಮ. ಭದ್ರತೆಯಿಲ್ಲದ ಸಾಲವನ್ನು ಭದ್ರತೆಯಿರುವ ಸಾಲವಾಗಿ ಮಾಡಿಕೊಳ್ಳಲು ಅದನ್ನು ಬಳಸಬಾರದು ಎಂದು ಸುಪ್ರೀಂ ಕೋರ್ಟ್ 2007ರಲ್ಲಿ ಸಿವಿಲ್ ದಾವೆಯೊಂದರಲ್ಲಿ ಹೇಳಿತ್ತು. ಆರ್ಬಿಟ್ರೇಟರ್ ಮುಂದೆಯೂ ಈ ಮಾತನ್ನು ಎತ್ತಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಸೆಕ್ಷನ್ ಪ್ರಕಾರ, ಇಂಥ ಸಾಲದ ಡಿಕ್ರಿ ಜಾರಿಯಲ್ಲಿ ಸಂಬಳದ ಮೊದಲ 1,000 ರೂಪಾಯಿ ಮತ್ತು ಉಳಿದದ್ದರಲ್ಲಿ ಮೂರರಲ್ಲಿ ಎರಡು ಪಾಲನ್ನು ಮುಟ್ಟುವಂತಿಲ್ಲ. ಭವಿಷ್ಯ ನಿಧಿಗೂ ರಕ್ಷಣೆಯಿದೆ.

ಮೂರನೆಯದು ಅವಧಿ. 17ನೇ ಸೆಕ್ಷನ್ ಆದೇಶದ ವಿರುದ್ಧ 37ನೇ ಸೆಕ್ಷನ್ ಅಡಿ ಕೋರ್ಟಿಗೆ ಮೇಲ್ಮನವಿ ಹಾಕಬಹುದು. ಅಂತಿಮ ತೀರ್ಪು ಬಂದಿದ್ದರೆ, ಅದರ ಪ್ರತಿ ಕೈಸೇರಿದ ದಿನದಿಂದ ಮೂರು ತಿಂಗಳೊಳಗೆ ಅದನ್ನು ರದ್ದು ಮಾಡಲು ಕೇಳಬೇಕು. ಸಕಾರಣವಿದ್ದರೆ ಇನ್ನು 30 ದಿನ, ಅದಕ್ಕಿಂತ ಹೆಚ್ಚಿಲ್ಲ.

ನನ್ನ ಸಹೋದ್ಯೋಗಿ ಆರ್ಬಿಟ್ರೇಟರ್ ನೇಮಕಕ್ಕೆ ಲಿಖಿತ ಆಕ್ಷೇಪಣೆ ಸಲ್ಲಿಸಿದರು. ಆಮೇಲೆ ಕಂಪನಿ ಮಾತುಕತೆಗೆ ಬಂತು. ಟೆಂಪೊ ಮಾರಿ ಒಂದು ಪಾಲು ಕಟ್ಟಿದರು, ಉಳಿದದ್ದಕ್ಕೆ ಹೊಸ ಕಂತು ನಿಗದಿಯಾಯಿತು, ಖಾತೆ ಬಿಡುಗಡೆಯಾಯಿತು. ಸಾಲ ಮಾತ್ರ ಮಾಯವಾಗಲಿಲ್ಲ. ಈಗ ಅಣ್ಣ ತಮ್ಮ ಇಬ್ಬರೂ ಸೇರಿ ಕಟ್ಟುತ್ತಿದ್ದಾರೆ.

ಊರಿನಲ್ಲಿ ತಮ್ಮನಿಗೋ ಭಾವನಿಗೋ ಜಾಮೀನು ನಿಂತವರು ನಮ್ಮಲ್ಲಿ ಕಡಿಮೆಯಿಲ್ಲ. ಸಂಬಳದ ಚೀಟಿ ಇರುವವರನ್ನೇ ಮನೆಯವರು ಕೇಳುವುದು, ಇಲ್ಲವೆನ್ನುವುದೂ ಕಷ್ಟ. ನಿಂತಿದ್ದರೆ ಒಪ್ಪಂದದ ಪ್ರತಿ ತರಿಸಿಕೊಳ್ಳಿ. ಈಗಿನ ವಿಳಾಸ, ಇಮೇಲ್ ಎರಡನ್ನೂ ಸಾಲ ಕೊಟ್ಟವರಿಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ಅರ್ಥವಾಗದ ಕಾಗದ ಬಂದರೆ ಅದೇ ದಿನ ಫೋಟೊ ತೆಗೆದು ಕಳಿಸುವಂತೆ ಮನೆಯವರಿಗೆ ಹೇಳಿಡಿ.